412 ದಿನದ ಸ್ಟ್ರೀಕ್ ಇತ್ತು, ಪ್ರಾರ್ಥನೆ ಇರ್ಲಿಲ್ಲ

ಶಿವಮೊಗ್ಗದ ರಾಗಿಗುಡ್ಡದಿಂದ ಮಾತಾಡ್ತಾ ಇದೀನಿ. ಮಧ್ಯೆ ಕುಕ್ಕರ್ ಸೀಟಿ ಕೇಳಿಸಿದ್ರೆ ಕ್ಷಮಿಸಿ. ನಮ್ಮನೇಲಿ ಸ್ಟುಡಿಯೊ ಅಂದ್ರೆ ಬೀರು ಪಕ್ಕದ ಮೂಲೆ, ಸದ್ದು ತಡೆಯೋಕೆ ಒಂದು ಹಳೇ ಕಂಬಳಿ, ಅಷ್ಟೇ.

ಈ ಪಾಡ್‌ಕಾಸ್ಟ್‌ಲಿ ಸಾಮಾನ್ಯವಾಗಿ ದುಡ್ಡು, ಕೆಲಸ, ಸಾಲ ಇಂಥದ್ದರ ಬಗ್ಗೆ ಮಾತಾಡ್ತೀನಿ. ನಾನು ಬಿ.ಕಾಂ. ಓದಿದೋಳು, ಭದ್ರಾವತಿಯಲ್ಲಿ ಒಬ್ಬ ಆಡಿಟರ್ ಹತ್ರ ಜಿಎಸ್‌ಟಿ ಫೈಲಿಂಗ್ ಕೆಲಸ. ಆದ್ರೆ ಒಂದು ಎಪಿಸೋಡ್‌ನಲ್ಲಿ ಮಾತಿಗೆ ಮಾತು ಬಂದು, ‘ಬೆಳಿಗ್ಗೆ ಬೈಬಲ್ ಓದಿ ಆಮೇಲೆ ಬಸ್ ಹತ್ತೋದು’ ಅಂದುಬಿಟ್ಟಿದ್ದೆ. ಅವತ್ತಿಂದ ಮೆಸೇಜ್‌ಗಳು ಬರ್ತಾನೇ ಇವೆ. ‘ಅಕ್ಕಾ, ದಿನಾ ಓದೋಕೆ ಟೈಮ್ ಹೇಗೆ ಹೊಂದಿಸ್ತೀರ?’ ‘ಶುರು ಮಾಡ್ತೀನಿ, ಹತ್ತು ದಿನಕ್ಕೆ ನಿಂತೋಗುತ್ತೆ, ಏನು ಮಾಡ್ಲಿ?’ ‘ಪ್ರಾರ್ಥನೆಗೆ ಕೂತ್ರೆ ತಲೆ ಎಲ್ಲೆಲ್ಲೋ ಓಡುತ್ತೆ.’

ಇವತ್ತು ಅದಕ್ಕೇ ಉತ್ತರ. ನೀವು ಕ್ರೈಸ್ತರಲ್ಲದೇ ಇದ್ರೂ ಕೇಳಿ. ದಿನಾ ಒಂದು ಹೊತ್ತು ದೇವರಿಗೆ ಅಂತ ಎತ್ತಿಡೋ ಕಷ್ಟ ನಮಾಜ್ ಮಾಡೋರಿಗೂ ಗೊತ್ತು, ಇಷ್ಟಲಿಂಗ ಪೂಜೆ ಮಾಡೋರಿಗೂ ಗೊತ್ತು. ನಮ್ಮ ಬೀದೀಲಿ ಇಬ್ರೂ ಇದಾರೆ, ಅದಕ್ಕೇ ಹೇಳ್ತಾ ಇದೀನಿ.

ಮೊದಲು ನನ್ನ ಸೋಲಿನ ಲೆಕ್ಕ.

ಮೂರು ವರ್ಷ ಸತತವಾಗಿ ಜನವರಿ 1ಕ್ಕೆ ‘ಒಂದು ವರ್ಷದಲ್ಲಿ ಇಡೀ ಬೈಬಲ್’ ಅಂತ ಶುರು ಮಾಡ್ದೆ. ಕಾಮರ್ಸ್‌ನೋಳಲ್ವಾ, ಮೊದಲು ಲೆಕ್ಕ ಹಾಕಿದೆ. ನಮ್ಮ ಪ್ರೊಟೆಸ್ಟೆಂಟ್ ಬೈಬಲ್‌ನಲ್ಲಿ 66 ಪುಸ್ತಕ, 1189 ಅಧ್ಯಾಯ. 365ರಿಂದ ಭಾಗಿಸಿದ್ರೆ ದಿನಕ್ಕೆ ಮೂರೂಕಾಲು ಅಧ್ಯಾಯ. ಇದೇನು ದೊಡ್ಡ ವಿಷ್ಯ ಅನ್ನಿಸ್ತು. ಆದಿಕಾಂಡ ಕಥೆ ಥರ ಓಡುತ್ತೆ, 50 ಅಧ್ಯಾಯ. ವಿಮೋಚನಕಾಂಡದ ಮೊದಲರ್ಧ ಮೋಶೆ, ಫರೋಹ, ಕೆಂಪು ಸಮುದ್ರ, ಅದೂ ಓಡುತ್ತೆ. ಆಮೇಲೆ ದೇವದರ್ಶನದ ಗುಡಾರದ ಅಳತೆಗಳು, ಪರದೆ, ಕಂಬ, ಕೊಂಡಿ. ಅದು ಮುಗಿದ್ರೆ ಯಾಜಕಕಾಂಡ, ಬಲಿಗಳ ನಿಯಮ. ಈ ವೇಗದಲ್ಲಿ ಯಾಜಕಕಾಂಡ ಬರೋದು ಸರಿಯಾಗಿ ಜನವರಿ ಕೊನೇ ವಾರ. ಮೂರು ವರ್ಷನೂ ನನ್ನ ಗಾಡಿ ಅಲ್ಲೇ ಕೆಟ್ಟು ನಿಂತಿದೆ.

ನಿಂತಿದ್ದಕ್ಕೆ ಬರೀ ಆ ಪುಸ್ತಕ ಕಾರಣ ಅಲ್ಲ. ಒಂದು ದಿನ ತಪ್ಪಿದ್ರೆ ಮಾರನೇ ದಿನಕ್ಕೆ ಆರೂವರೆ ಅಧ್ಯಾಯ. ಎರಡು ದಿನ ತಪ್ಪಿದ್ರೆ ಹತ್ತು ಹತ್ತಿರ. ಜಿಎಸ್‌ಟಿ ರಿಟರ್ನ್ ತಡ ಆದ್ರೆ ದಿನಕ್ಕೆ 50 ರೂಪಾಯಿ ಲೇಟ್ ಫೀ ಏರುತ್ತಲ್ಲ, ಹಂಗೇ ದೇವರ ಹತ್ರಾನೂ ನನ್ನ ಬಾಕಿ ಏರ್ತಾ ಇತ್ತು. ಸಾಲ ಕೊಟ್ಟೋರ ಮನೆ ಮುಂದೆ ಹೋಗೋಕೆ ಯಾರಿಗಿಷ್ಟ? ದಾರಿ ಬದಲಾಯಿಸ್ತೀವಿ. ನಾನೂ ಹಾಗೇ ಮಾಡ್ದೆ, ಬೈಬಲ್ ಇಟ್ಟ ಶೆಲ್ಫ್ ಕಡೆ ನೋಡ್ತಾನೇ ಇರ್ಲಿಲ್ಲ.

2023ರ ಜೂನ್‌ನಲ್ಲಿ ಬೈಬಲ್ ಆ್ಯಪ್ ಹಾಕ್ಕೊಂಡೆ. ದಿನಾ ತೆರೆದ್ರೆ ಸ್ಟ್ರೀಕ್ ಸಿಗುತ್ತೆ. ಇದು ನನಗೆ ಹೇಳಿ ಮಾಡಿಸಿದ ಹಾಗಿತ್ತು, ನಂಬರ್ ಕಂಡ್ರೆ ನಾನು ಬಿಡೋಳಲ್ಲ. 50 ದಿನ, 100 ದಿನ, 200 ದಿನ. ಚರ್ಚ್‌ನ ಯೂತ್ ಗ್ರೂಪ್‌ಗೆ ಸ್ಕ್ರೀನ್‌ಶಾಟ್ ಹಾಕ್ತಿದ್ದೆ. ನಿಜ ಹೇಳ್ಬೇಕಂದ್ರೆ ಎಷ್ಟೋ ರಾತ್ರಿ ಹಲ್ಲುಜ್ಜುತ್ತಾ ಆ್ಯಪ್ ತೆರೆದು, ಪರದೆ ಕೊನೆವರೆಗೂ ತಳ್ಳಿ, ಟಿಕ್ ಬಿದ್ದಿದ್ದು ನೋಡಿ ಮಲಗಿದೀನಿ. ಏನು ಓದಿದೆ ಅಂತ ಕೇಳಿದ್ರೆ ಉತ್ತರ ಇಲ್ಲ.

ಅದೇ ವರ್ಷ ಅಕ್ಟೋಬರ್ 1ಕ್ಕೆ ನಮ್ಮ ಏರಿಯಾದಲ್ಲಿ ಏನಾಯ್ತು ಅಂತ ನಿಮಗೆ ಗೊತ್ತು. ಈದ್ ಮಿಲಾದ್ ಮೆರವಣಿಗೆ ವೇಳೆ ಕಲ್ಲು ತೂರಾಟ, ಆಮೇಲೆ ನಿಷೇಧಾಜ್ಞೆ. ರಾಗಿಗುಡ್ಡ ಅಂದ್ರೆ ಗೊತ್ತಿಲ್ಲದೋರಿಗೂ ಟಿವಿಯಿಂದ ಹೆಸರು ಗೊತ್ತಾಯ್ತು. ಇತ್ತೀಚೆಗೆ ಆ ವಾರದ್ದು ಆ್ಯಪ್‌ನಲ್ಲಿ ಹಿಂದೆ ಹೋಗಿ ನೋಡಿದೆ. ಎಲ್ಲಾ ದಿನವೂ ಟಿಕ್ ಇದೆ. ಹೊರಗೆ ಪೊಲೀಸ್ ವ್ಯಾನ್ ನಿಂತಿದೆ, ಪಕ್ಕದ ಮನೆ ಮಕ್ಕಳು ಹೆದರಿ ಕೂತಿದಾರೆ, ನನ್ನ ಸ್ಟ್ರೀಕ್ ಮಾತ್ರ ಮುರಿದಿಲ್ಲ. ಆ ಮಕ್ಕಳಿಗಾಗಿ, ಆ ಬೀದಿಗಾಗಿ ಒಂದು ಮಾತು ಪ್ರಾರ್ಥನೆ ಮಾಡಿದ ನೆನಪು ನನಗಿಲ್ಲ.

ಈಗ ಅಪ್ಪನ ವಿಷಯಕ್ಕೆ ಬರ್ತೀನಿ.

ಅಪ್ಪ ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡಿದೋರು. ನಾನು ಹುಟ್ಟಿ ಬೆಳೆದದ್ದು ಅಲ್ಲಿನ ಕ್ವಾರ್ಟರ್ಸ್‌ನಲ್ಲೇ. ಅಪ್ಪ ರಿಟೈರ್ ಆದ್ಮೇಲೆ ಇಲ್ಲಿಗೆ ಬಂದ್ವಿ. ನಮ್ಮನೇಲಿ ಚಿಕ್ಕಂದಿನಿಂದ ಒಂದು ಪದ್ಧತಿ. ಊಟಕ್ಕೆ ತಟ್ಟೆ ಹಾಕೋ ಮುಂಚೆ ಎಲ್ರೂ ಕೂತು ಒಂದು ಕೀರ್ತನೆ ಓದೋದು, ಕರ್ತನ ಪ್ರಾರ್ಥನೆ ಹೇಳೋದು, ಅಷ್ಟೇ. ಹತ್ತು ನಿಮಿಷ. ನನಗೆ ಬೋರ್ ಹೊಡೀತಿತ್ತು. ಸಾರಿನ ವಾಸನೆ ಬರ್ತಾ ಇದ್ರೆ ಪ್ರಾರ್ಥನೆ ಮೇಲೆ ಮನಸ್ಸು ಹೇಗೆ ನಿಲ್ಲುತ್ತೆ ಹೇಳಿ.

2024ರ ಜುಲೈ 20. ತಿಂಗಳ 20ನೇ ತಾರೀಖು ಅಂದ್ರೆ 3ಬಿ ರಿಟರ್ನ್ ಕೊನೇ ದಿನ, ನಮ್ಮ ಆಫೀಸ್‌ನಲ್ಲಿ ಅವತ್ತು ಯಾರೂ ಬೇಗ ಮನೆಗೆ ಹೋಗಲ್ಲ. ನಾನು ಬಂದಾಗ ಅಪ್ಪ, ಅಮ್ಮ ಪ್ರಾರ್ಥನೆ, ಊಟ ಎರಡೂ ಮುಗಿಸಿ ಮಲಗಿದ್ರು. 11.52ಕ್ಕೆ ಆ್ಯಪ್ ತೆರೆದೆ, ಟಿಕ್ ಬಿತ್ತು. 412 ದಿನ. ಬೆಳಗಿನ ಜಾವ ಅಮ್ಮ ಬಂದು ಎಬ್ಬಿಸಿದ್ಲು. ‘ಅಪ್ಪ ಮಾತಾಡ್ತಾ ಇಲ್ಲ ಕಣೇ, ಬಾಯಿ ಒಂದು ಕಡೆ ಎಳೆದಿದೆ.’ ಸ್ಟ್ರೋಕ್ ಆಗಿತ್ತು.

ಅವತ್ತು ರಾತ್ರಿ ಆಸ್ಪತ್ರೆ ಕಾರಿಡಾರ್‌ನಲ್ಲಿ ಕೂತಿದ್ದಾಗ ಫೋನ್ ಅದುರಿತು. ‘ಇವತ್ತು ಇನ್ನೂ ಓದಿಲ್ಲ’ ಅಂತ ನೆನಪೋಲೆ. ಫೋನ್ ಕೈಯಲ್ಲಿ ಹಿಡ್ಕೊಂಡು ಪ್ರಾರ್ಥನೆ ಮಾಡೋಣ ಅಂತ ಕಣ್ಣು ಮುಚ್ಚಿದೆ. ಒಂದು ವಾಕ್ಯನೂ ಬರ್ಲಿಲ್ಲ. 412 ದಿನ ಕೂಡಿಟ್ಟಿದೀನಿ ಅಂದ್ಕೊಂಡಿದ್ದ ಖಾತೆಯಿಂದ ತೆಗೆಯೋಕೆ ಹೋದ್ರೆ ಒಂದು ರೂಪಾಯಿ ಇರ್ಲಿಲ್ಲ. ಆ ರಾತ್ರಿ ಸ್ಟ್ರೀಕ್ ಮುರೀತು. ಬಿಟ್ಟುಬಿಟ್ಟೆ.

ಅಪ್ಪ ಉಳಿದ್ರು. ಬಲಗೈ ಶಕ್ತಿ ಕಡಿಮೆ ಆಯ್ತು, ಮಾತು ಹೋಯ್ತು. ಇದಕ್ಕೆ ಅಫೇಸಿಯಾ ಅಂತಾರೆ. ಮೆದುಳಿನ ಎಡಭಾಗದಲ್ಲಿ ಮಾತಿನ ಜಾಗಕ್ಕೆ ಪೆಟ್ಟು ಬಿದ್ರೆ ಹೇಳಬೇಕಾದ್ದು ಗೊತ್ತಿರುತ್ತೆ, ಪದ ಮಾತ್ರ ಸಿಗಲ್ಲ. ಅಪ್ಪನಿಗೆ ನೀರು ಬೇಕಾದ್ರೆ ಲೋಟ ತೋರಿಸ್ತಿದ್ರು. ‘ನೀರು’ ಅನ್ನೋ ಪದ ಬರ್ತಿರ್ಲಿಲ್ಲ. ನನ್ನ ಹೆಸರೂ ಬರ್ತಿರ್ಲಿಲ್ಲ. ಅವರು ಅಳೋದನ್ನ ನಾನು ಮೊದಲ ಸಲ ನೋಡಿದ್ದು ಆಗಲೇ.

ಮನೆಗೆ ಕರ್ಕೊಂಡು ಬಂದ ಎರಡನೇ ವಾರ. ರಾತ್ರಿ ಊಟಕ್ಕೆ ಮುಂಚೆ ಅಮ್ಮ ಎಂದಿನ ಹಾಗೆ ಚಾಪೆ ಹಾಕಿ ಕೂತು ಕರ್ತನ ಪ್ರಾರ್ಥನೆ ಶುರು ಮಾಡಿದ್ಲು. ಮೊದಲ ಸಾಲು ಮುಗಿಯೋಷ್ಟರಲ್ಲಿ ಹಾಸಿಗೆ ಕಡೆಯಿಂದ ಒಂದು ದನಿ ಸೇರ್ಕೊಂಡ್ತು. ತೊದಲ್ತಾ, ಕೆಲವು ಪದ ನುಂಗ್ತಾ, ಅಪ್ಪ ಕೊನೆವರೆಗೂ ಹೇಳಿದ್ರು. ಆಮೆನ್ ಕೂಡ. ಅಮ್ಮ ಮಾತಾಡ್ಲಿಲ್ಲ, ಎದ್ದು ತಟ್ಟೆ ಹಾಕೋಕೆ ಹೋದ್ಲು. ನಾನು ಅಲ್ಲೇ ಕೂತಿದ್ದೆ.

ಇದನ್ನ ಪವಾಡ ಅಂತ ನಾನು ಹೇಳ್ತಾ ಇಲ್ಲ. ಸ್ಪೀಚ್ ಥೆರಪಿಸ್ಟ್ ಹತ್ರ ಕೇಳ್ದಾಗ ಅವರಿಗೆ ಆಶ್ಚರ್ಯವೇ ಆಗ್ಲಿಲ್ಲ. ಅಫೇಸಿಯಾ ಇರೋ ಎಷ್ಟೋ ಜನಕ್ಕೆ ಹೊಸ ವಾಕ್ಯ ಕಟ್ಟೋಕೆ ಆಗದಿದ್ರೂ ಎಣಿಕೆ, ವಾರಗಳ ಹೆಸರು, ಹಾಡು, ಪ್ರಾರ್ಥನೆ ಇಂಥವು ಬರುತ್ತಂತೆ. ಸಾವಿರಾರು ಸಲ ಹೇಳಿ ಹೇಳಿ ರೂಢಿಯಾದ ಮಾತು ಬೇರೆ ದಾರಿಯಲ್ಲಿ ಉಳ್ಕೊಂಡಿರುತ್ತೆ. ಮಾರನೇ ದಿನನೂ ಅಪ್ಪ ‘ನೀರು’ ಅನ್ನಲಿಲ್ಲ. ಆದ್ರೆ ರಾತ್ರಿ ಮತ್ತೆ ಪ್ರಾರ್ಥನೆ ಹೇಳಿದ್ರು.

ನನ್ನನ್ನ ಕಾಡಿದ ಪ್ರಶ್ನೆ ಇಷ್ಟೇ. ನಾಳೆ ನನಗೆ ಹಾಗಾದ್ರೆ ನನ್ನೊಳಗೆ ಏನು ಉಳ್ಕೊಂಡಿರುತ್ತೆ? ಜಿಎಸ್‌ಟಿ ಪೋರ್ಟಲ್ ಪಾಸ್‌ವರ್ಡಾ?

ಅಲ್ಲಿಂದ ನನ್ನ ದಿನಚರಿ ಹೊಸದಾಗಿ ಶುರುವಾಯ್ತು. ಈಗ ಒಂದೊಂದಾಗಿ ಹೇಳ್ತೀನಿ. ಇದು ನನ್ನ ಅಳತೆಗೆ ಹೊಲಿದ ಅಂಗಿ, ನಿಮ್ಮ ಅಳತೆ ನೀವು ನೋಡ್ಕೊಳ್ಳಿ.

ಒಂದು, ಸಮಯ. ಬೆಳಿಗ್ಗೆ ಐದಕ್ಕೆ ಏಳ್ಬೇಕು ಅಂತ ಎಲ್ಲಾ ವಿಡಿಯೊಗಳೂ ಹೇಳ್ತವೆ. ಯೇಸು ಕೂಡ ಇನ್ನೂ ಕತ್ತಲಿರೋವಾಗ್ಲೇ ಎದ್ದು ಪ್ರಾರ್ಥನೆಗೆ ಹೋದ್ರು ಅಂತ ಮಾರ್ಕನ ಮೊದಲ ಅಧ್ಯಾಯದಲ್ಲೇ ಇದೆ. ಆದ್ರೆ ದಾನಿಯೇಲ ದಿನಕ್ಕೆ ಮೂರು ಸಲ ಪ್ರಾರ್ಥನೆ ಮಾಡ್ತಿದ್ದ. ಹೀಗೇ, ಇದೇ ಗಂಟೆಗೆ ಅಂತ ಎಲ್ಲೂ ಒಂದೇ ನಿಯಮ ಇಲ್ಲ. ನಾನು ಐದು ಗಂಟೆ ಅಲಾರಂ ಇಟ್ಟು ನಾಲ್ಕು ದಿನ ಎದ್ದೆ, ಐದನೇ ದಿನ ಆಫೀಸ್‌ನಲ್ಲಿ ಇನ್‌ವಾಯ್ಸ್ ಮೇಲೆ ತಲೆ ಇಟ್ಟು ನಿದ್ದೆ ಹೋದೆ.

ಆಗ ಅಪ್ಪನ ಬಗ್ಗೆ ಯೋಚನೆ ಮಾಡ್ದೆ. ಅವರದು ಶಿಫ್ಟ್ ಕೆಲಸ. ಒಂದು ವಾರ ಬೆಳಿಗ್ಗೆ, ಇನ್ನೊಂದು ವಾರ ಮಧ್ಯಾಹ್ನ, ಮತ್ತೊಂದು ವಾರ ರಾತ್ರಿ. ಗಡಿಯಾರ ನೋಡಿ ಪ್ರಾರ್ಥನೆ ಮಾಡೋದು ಅವರಿಗೆ ಸಾಧ್ಯವೇ ಇರ್ಲಿಲ್ಲ. ಅವರು ಅದನ್ನ ತಟ್ಟೆಗೆ ಕಟ್ಟಿದ್ರು. ಊಟ ಎಷ್ಟೊತ್ತಿಗಾದ್ರೂ ಆಗ್ಲಿ, ಅದಕ್ಕೆ ಮುಂಚೆ ಪ್ರಾರ್ಥನೆ. ಊಟ ತಪ್ಪಲ್ಲ, ಹಾಗಾಗಿ ಪ್ರಾರ್ಥನೆನೂ ತಪ್ಪಲ್ಲ. ನಾನು ನನ್ನದನ್ನ ಕಾಫಿಗೆ ಕಟ್ದೆ. ಬೆಳಿಗ್ಗೆ ಕಾಫಿ ಲೋಟ ಕೈಗೆ ಬಂದ್ರೆ ಟೆರೇಸ್‌ಗೆ ಹೋಗ್ತೀನಿ. ಆರಕ್ಕಾಗ್ಲಿ, ಏಳಕ್ಕಾಗ್ಲಿ. ಇಪ್ಪತ್ತು ನಿಮಿಷ.

ಎರಡು, ಜಾಗ. ಬಾಗಿಲು ಹಾಕ್ಕೊಂಡು ಗುಟ್ಟಾಗಿ ಪ್ರಾರ್ಥನೆ ಮಾಡಿ ಅನ್ನೋ ಅರ್ಥದ ಮಾತು ಮತ್ತಾಯನ ಆರನೇ ಅಧ್ಯಾಯದಲ್ಲಿದೆ. ಎರಡು ರೂಮಿನ ಮನೇಲಿ ಬಾಗಿಲು ಹಾಕೋದು ಎಲ್ಲಿಂದ ಬಂತು? ಸೂಸನ್ನಾ ವೆಸ್ಲಿ ಅಂತ ಒಬ್ಬ ತಾಯಿ, ಹೆತ್ತದ್ದು 19 ಮಕ್ಕಳು. ಆಕೆ ಏಪ್ರನ್‌ನ ತಲೆ ಮೇಲೆ ಹಾಕ್ಕೊಂಡ್ರೆ ‘ಅಮ್ಮ ಪ್ರಾರ್ಥನೆ ಮಾಡ್ತಾ ಇದಾಳೆ, ಯಾರೂ ಮಾತಾಡಿಸಬಾರದು’ ಅಂತ ಮಕ್ಕಳು ತಿಳ್ಕೊಳ್ತಿದ್ರು ಅನ್ನೋ ಕಥೆ ಹೇಳ್ತಾರೆ. ಆಕೆ ಮಗ ಜಾನ್ ವೆಸ್ಲಿ. ಆಕ್ಸ್‌ಫರ್ಡ್‌ನಲ್ಲಿ ಇದ್ದಾಗ ಅವನೂ ಅವನ ಗೆಳೆಯರೂ ಓದು, ಪ್ರಾರ್ಥನೆಗೆಲ್ಲ ಶಿಸ್ತಾಗಿ ಟೈಮ್ ಟೇಬಲ್ ಹಾಕ್ಕೊಂಡಿದ್ದಕ್ಕೆ ಬೇರೆಯವರು ಗೇಲಿ ಮಾಡಿ ಇಟ್ಟ ಹೆಸರೇ ‘ಮೆಥಡಿಸ್ಟ್’. ಹಳೇ ಮೈಸೂರು ಸೀಮೆಗೆ ಬಂದ ವೆಸ್ಲಿಯನ್ ಮಿಷನ್ ಅವರದೇ ಪರಂಪರೆ, 1947ರಲ್ಲಿ ಸಿಎಸ್‌ಐ ಸಭೆ ಆದಾಗ ಅದೂ ಅದರಲ್ಲಿ ಸೇರ್ತು. ಅಂದ್ರೆ ದಿನಚರಿ ಅನ್ನೋದು ನಮ್ಮ ಚರ್ಚ್‌ಗಳಿಗೆ ಹೊಸದಲ್ಲ, ಒಂದು ಕಾಲದಲ್ಲಿ ಅದೇ ನಮ್ಮ ಅಡ್ಡಹೆಸರು.

ನನ್ನ ಏಪ್ರನ್ ಅಂದ್ರೆ ಟೆರೇಸ್‌ನಲ್ಲಿ ನೀರಿನ ಟ್ಯಾಂಕ್ ಹಿಂದಿನ ಜಾಗ. ಫೋನ್ ಕೆಳಗೇ ಬಿಡ್ತೀನಿ. ಇದೊಂದು ನಿಯಮ ಮಾತ್ರ ಗಟ್ಟಿ. ಫೋನ್‌ನಲ್ಲೇ ಓದಿದ್ರೆ ಮೂರನೇ ವಚನಕ್ಕೆ ಯಾರದೋ ಮೆಸೇಜ್ ಬರುತ್ತೆ. ಕಾಗದದ ಪುಸ್ತಕಕ್ಕೆ ನೋಟಿಫಿಕೇಶನ್ ಇಲ್ಲ.

ಮೂರು, ಏನು ಓದೋದು. ಆದಿಕಾಂಡದಿಂದ ಶುರು ಮಾಡ್ಬೇಡಿ ಅಂತ ಹೇಳಲ್ಲ. ಆದ್ರೆ ಹೊಸಬರಿಗೆ ಮಾರ್ಕನ ಸುವಾರ್ತೆ ಒಳ್ಳೇದು. ನಾಲ್ಕು ಸುವಾರ್ತೆಗಳಲ್ಲಿ ಚಿಕ್ಕದು, 16 ಅಧ್ಯಾಯ. ದಿನಕ್ಕೆ ಅರ್ಧ ಅಧ್ಯಾಯ ಓದಿದ್ರೂ ಒಂದು ತಿಂಗಳಿಗೆ ಒಂದು ಪುಸ್ತಕ ಮುಗಿಸಿದ ಖುಷಿ. ಜ್ಞಾನೋಕ್ತಿಗಳು 31 ಅಧ್ಯಾಯ, ತಾರೀಖು ಎಷ್ಟೋ ಅಷ್ಟನೇ ಅಧ್ಯಾಯ ಓದ್ಬಹುದು, ಎಲ್ಲಿ ನಿಲ್ಲಿಸಿದೆ ಅಂತ ಹುಡುಕೋ ತಾಪತ್ರಯ ಇಲ್ಲ. ಕೀರ್ತನೆಗಳು 150, ದಿನಕ್ಕೊಂದಾದ್ರೆ ಐದು ತಿಂಗಳು. 119ನೇ ಕೀರ್ತನೆ ಬಂದಾಗ ಗಾಬರಿ ಆಗ್ಬೇಡಿ, 176 ವಚನ ಇದೆ. ಅದು ಎಂಟೆಂಟು ವಚನದ 22 ಭಾಗ, ದಿನಕ್ಕೆ ಒಂದು ಭಾಗ ಸಾಕು.

ಭಾಷೆ ವಿಷ್ಯನೂ ಹೇಳ್ಬೇಕು. ಇಡೀ ಬೈಬಲ್ ಕನ್ನಡಕ್ಕೆ ಬಂದಿದ್ದು 1831ರಲ್ಲಿ, ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರ ಶ್ರಮದಿಂದ. ನಮ್ಮ ಮನೇಲಿರೋ ‘ಸತ್ಯವೇದವು’ ಭಾಷೆ ಹಳೇ ಕಾಲದ್ದು, ಗಂಭೀರ. ಅಪ್ಪನ ಬಾಯಲ್ಲಿ ಅದು ಹಾಡಿನ ಹಾಗೆ ಕೇಳ್ಸುತ್ತೆ. ನನಗೆ ಎಷ್ಟೋ ವಾಕ್ಯ ಎರಡು ಸಲ ಓದಿದ್ರೂ ಅರ್ಥ ಆಗ್ತಿರ್ಲಿಲ್ಲ. ಇದನ್ನ ಒಪ್ಕೊಳ್ಳೋಕೆ ನಾಚಿಕೆ ಆಗ್ತಿತ್ತು. ಈಗ ಸರಳ ಕನ್ನಡದ ಅನುವಾದ ಪಕ್ಕದಲ್ಲಿಟ್ಕೊಳ್ತೀನಿ. ಅರ್ಥಕ್ಕೆ ಹೊಸದು, ಬಾಯಿಪಾಠಕ್ಕೆ ಹಳೇದು. ಭದ್ರಾವತಿ ಬಸ್‌ನಲ್ಲಿ ಕನ್ನಡ ಆಡಿಯೊ ಬೈಬಲ್ ಕೇಳ್ತೀನಿ. ಕಿಟಕಿ ಸೀಟ್ ಸಿಕ್ಕಿದ ದಿನ ಎರಡು ಅಧ್ಯಾಯ, ನಿಂತ್ಕೊಂಡು ಹೋದ ದಿನ ಏನೂ ಇಲ್ಲ.

ನಾಲ್ಕು, ಹೇಗೆ ಓದೋದು. 12ನೇ ಶತಮಾನದಲ್ಲಿ, ಅಂದ್ರೆ ಇಲ್ಲಿ ನಮ್ಮ ಶಿಕಾರಿಪುರದ ಕಡೆಯ ಅಲ್ಲಮ, ಅಕ್ಕಮಹಾದೇವಿ ಇದ್ದ ಕಾಲದಲ್ಲೇ, ಫ್ರಾನ್ಸ್‌ನಲ್ಲಿ ಗ್ವಿಗೊ ಅನ್ನೋ ಒಬ್ಬ ಸನ್ಯಾಸಿ ಬೈಬಲ್ ಓದನ್ನ ನಾಲ್ಕು ಮೆಟ್ಟಿಲಾಗಿ ಬರೆದಿಟ್ಟ. ಓದು, ಮೆಲುಕು, ಪ್ರಾರ್ಥನೆ, ಮೌನ. ಕ್ಯಾಥೊಲಿಕ್ ಗೆಳತಿ ಒಬ್ಬಳು ಇದನ್ನ ಹೇಳ್ಕೊಟ್ಲು. ನಾನು ಮಾಡೋದು ಇದರದೇ ಸಣ್ಣ ರೂಪ. ಭಾಗವನ್ನ ಒಂದು ಸಲ ಜೋರಾಗಿ ಓದ್ತೀನಿ. ಮನಸ್ಸಿಗೆ ತಾಗಿದ ಒಂದೇ ವಾಕ್ಯನ ನೋಟ್‌ಬುಕ್‌ನಲ್ಲಿ ಕೈಯಾರೆ ಬರೀತೀನಿ. ಅದರ ಕೆಳಗೆ ಒಂದು ಪ್ರಶ್ನೆನೋ ಜಗಳನೋ ಬರೀತೀನಿ. ಹೌದು, ಜಗಳ. ಕೆಲವು ಭಾಗ ಓದಿ ಕೋಪ ಬಂದಿದೆ, ಅದನ್ನೂ ಬರ್ದಿದೀನಿ. ಆಮೇಲೆ ಆ ವಾಕ್ಯನೇ ಹಿಡ್ಕೊಂಡು ಪ್ರಾರ್ಥನೆ. ಕೊನೆಗೆ ಎರಡು ನಿಮಿಷ ಸುಮ್ನೆ.

ಐದು, ಪ್ರಾರ್ಥನೆ. ತಲೆ ಎಲ್ಲೆಲ್ಲೋ ಓಡುತ್ತೆ ಅಂದ್ರಲ್ಲ, ಓಡೋ ಜಾಗನೇ ಪ್ರಾರ್ಥನೆ ಮಾಡಿ. ಆಫೀಸ್ ನೆನಪಾದ್ರೆ ಆಫೀಸ್, ಇಎಂಐ ನೆನಪಾದ್ರೆ ಇಎಂಐ. ನೋಟ್‌ಬುಕ್‌ನ ಕೊನೇ ಪುಟದಲ್ಲಿ ಹೆಸರುಗಳಿವೆ, ದಿನಕ್ಕೆ ಮೂರು ಹೆಸರು. ಟೆರೇಸ್ ಮೇಲೆ ನಿಂತ್ರೆ ನಮ್ಮ ಬೀದಿ ಕಾಣುತ್ತೆ. ಆ ಅಕ್ಟೋಬರ್‌ನಲ್ಲಿ ಮಾಡದೇ ಬಿಟ್ಟಿದ್ದನ್ನ ಈಗ ಮಾಡ್ತೀನಿ, ಆ ಕಡೆ ಮನೆಯವರಿಗೂ ಈ ಕಡೆ ಮನೆಯವರಿಗೂ. ಅದರಿಂದ ಬೀದಿ ಬದಲಾಯ್ತಾ ಅಂದ್ರೆ ನನಗೆ ಗೊತ್ತಿಲ್ಲ. ಆದ್ರೆ ಬೆಳಿಗ್ಗೆ ಹೆಸರು ಹೇಳಿ ಪ್ರಾರ್ಥನೆ ಮಾಡಿದೋರನ್ನ ಸಾಯಂಕಾಲ ಕಂಡ್ರೆ ಮಾತಾಡಿಸದೇ ಹೋಗೋಕೆ ಆಗಲ್ಲ. ಅಷ್ಟು ನನ್ನಲ್ಲಿ ಬದಲಾಗಿದೆ.

ಏನೂ ಅನ್ನಿಸದ ದಿನಗಳೂ ಇರುತ್ತೆ. ಅಂಥ ದಿನಕ್ಕೆ ಕೀರ್ತನೆಗಳಿವೆ. ಅದರಲ್ಲಿ ದೂರು, ಅಳು, ‘ಯಾಕೆ ಹೀಗೆ’ ಅನ್ನೋದು ತುಂಬಾ ಇದೆ. 88ನೇ ಕೀರ್ತನೆ ಅಂತೂ ಸಮಾಧಾನದ ಮಾತಿಲ್ಲದೆ ಕತ್ತಲಲ್ಲೇ ಮುಗಿಯುತ್ತೆ. ಅಪ್ಪ ಆಸ್ಪತ್ರೇಲಿದ್ದಾಗ ಯಾರಾದ್ರೂ ಅದನ್ನ ನನ್ನ ಕೈಗೆ ಕೊಟ್ಟಿದ್ರೆ ಪ್ರಾರ್ಥನೆಗೆ ಪದ ಇಲ್ಲ ಅಂತ ಕೂರ್ತಿರ್ಲಿಲ್ಲ ಅನ್ಸುತ್ತೆ.

ಆರು, ತಪ್ಪಿದ ದಿನ. ಇದು ಎಲ್ಲಕ್ಕಿಂತ ಮುಖ್ಯ. ಬಾಕಿ ಮುಂದಕ್ಕೆ ತರೋ ಹಾಗಿಲ್ಲ. ನಿನ್ನೆ ಓದಿಲ್ವಾ? ನಿನ್ನೆ ಮುಗೀತು. ಇವತ್ತಿಂದು ಓದಿ. ಅಕೌಂಟ್ಸ್‌ನಲ್ಲಿ ನಾನು ಹೀಗೆ ಮಾಡಿದ್ರೆ ಕೆಲಸ ಹೋಗುತ್ತೆ, ಆದ್ರೆ ಇದು ಅಕೌಂಟ್ಸ್ ಅಲ್ಲ ಅಂತ ಅರ್ಥ ಮಾಡ್ಕೊಳ್ಳೋಕೆ ನನಗೆ ಇಷ್ಟು ವರ್ಷ ಹಿಡೀತು. 11ನೇ ತಾರೀಖು, 20ನೇ ತಾರೀಖು, ಈ ಎರಡು ರಿಟರ್ನ್ ದಿನಗಳಿಗೆ ನನ್ನ ಹತ್ರ ಚಿಕ್ಕ ರೂಪ ಇದೆ. ಒಂದು ಚಿಕ್ಕ ಕೀರ್ತನೆ, ಕರ್ತನ ಪ್ರಾರ್ಥನೆ. ಐದು ನಿಮಿಷ. ಏನೂ ಇಲ್ಲದಿರೋದಕ್ಕಿಂತ ಅದು ಎಷ್ಟೋ ವಾಸಿ.

ಒಂದು ಎಚ್ಚರಿಕೆ ಹೇಳಿ ಮುಗಿಸ್ತೀನಿ. 1842ರಲ್ಲಿ ಸ್ಕಾಟ್‌ಲೆಂಡ್‌ನ ಡಂಡೀ ಊರಿನ ಪಾದ್ರಿ ರಾಬರ್ಟ್ ಮರ್ರೆ ಮ್ಯಾಕ್‌ಚೇನ್ ತನ್ನ ಸಭೆಗೆ ಅಂತ ಒಂದು ವರ್ಷದ ಬೈಬಲ್ ಓದಿನ ಪಟ್ಟಿ ಮಾಡಿದ. ದಿನಕ್ಕೆ ನಾಲ್ಕು ಅಧ್ಯಾಯದಷ್ಟು. ಇವತ್ತಿಗೂ ಜನ ಬಳಸೋ ಪಟ್ಟಿ ಅದು. ವಿಶೇಷ ಏನಂದ್ರೆ ಪಟ್ಟಿ ಜೊತೆಗೇ ಅದರ ಅಪಾಯಗಳನ್ನೂ ಬರೆದ. ಓದು ಬರೀ ಶಾಸ್ತ್ರ ಆಗ್ಬಹುದು, ನಾನು ಒಳ್ಳೆಯವನು ಅನ್ನೋ ಸೊಕ್ಕು ಬರ್ಬಹುದು, ಮುಗಿಸೋ ಆತುರದಲ್ಲಿ ಮೇಲೆ ಮೇಲೆ ಓದ್ಬಹುದು, ಕೆಲವರಿಗೆ ಹೊರಲಾರದ ನೊಗ ಆಗ್ಬಹುದು ಅಂತ. ನನ್ನ 412 ದಿನದ ಕಥೆನ ಅವನು 180 ವರ್ಷ ಮೊದಲೇ ಬರೆದಿಟ್ಟ ಹಾಗಿದೆ. ಮಾರನೇ ವರ್ಷವೇ ಅವನು ತೀರ್ಕೊಂಡ, 29 ವಯಸ್ಸಿಗೆ. ಹೆಚ್ಚು ಕಡಿಮೆ ನನ್ನ ವಯಸ್ಸು.

ಅಪ್ಪ ಈಗ ಹೇಗಿದಾರೆ ಅಂತ ಕೇಳ್ತೀರ. ಥೆರಪಿ ನಡೀತಾ ಇದೆ. ‘ನೀರು’ ಬಂದಿದೆ. ‘ಅನ್ನ’, ‘ಸಾಕು’, ‘ಬಸ್’ ಬಂದಿದೆ. ನನ್ನ ಹೆಸರಿನ ಮೊದಲ ಅಕ್ಷರ ಬರುತ್ತೆ, ಆಮೇಲೆ ನಗ್ತಾರೆ. ರಾತ್ರಿ ತಟ್ಟೆಗೆ ಮುಂಚೆ ಈಗ ಕೀರ್ತನೆ ಓದೋದು ನನ್ನ ಕೆಲಸ. ಹಳೇ ‘ಸತ್ಯವೇದವು’ ಹಿಡ್ಕೊಂಡೇ ಓದ್ತೀನಿ, ಅಪ್ಪನಿಗೆ ಅದೇ ಗೊತ್ತಿರೋದು. ನಾನು ವಾಕ್ಯದ ಮಧ್ಯೆ ನಿಲ್ಲಿಸಿದ್ರೆ ಕೆಲವೊಮ್ಮೆ ಉಳಿದಿದ್ದನ್ನ ಅವರು ಮುಗಿಸ್ತಾರೆ. ಬೇಕಂತಲೇ ನಿಲ್ಲಿಸ್ತೀನಿ.

ಈ ವಾರ ಏಳು ದಿನ ಮಾತ್ರ ಮಾಡಿ ನೋಡಿ. ದಿನಾ ತಪ್ಪದೇ ಮಾಡೋ ಒಂದು ಕೆಲಸಕ್ಕೆ ಕಟ್ಟಿ, ಕಾಫಿನೋ, ಸ್ನಾನನೋ, ಊಟನೋ. ಫೋನ್ ದೂರ ಇಡಿ. ತಪ್ಪಿದ್ರೆ ಬಾಕಿ ಇಲ್ಲ. ಹೇಗಾಯ್ತು ಅಂತ ಒಂದು ವಾಯ್ಸ್ ನೋಟ್ ಕಳಿಸಿ. ಸ್ಕ್ರೀನ್‌ಶಾಟ್ ಮಾತ್ರ ಬೇಡ.

ಕುಕ್ಕರ್ ಮೂರನೇ ಸೀಟಿ ಹೊಡೀತು, ಅಮ್ಮ ಕರೀತಾ ಇದಾಳೆ. ಮುಂದಿನ ವಾರ ಸಿಗೋಣ. ನಮಸ್ಕಾರ.